ಎಸ್4ಎಸ್ ಎಂದರೇನು? ಹತ್ತರಿ ಹೊಡೆದ ಮರದ ಅಳತೆ ಮತ್ತು ಸಂಕೇತಾಕ್ಷರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮರದ ಕೆಲಸದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಲವು ಈಚೆಗೆ ಒಂದೇ ತೊಡಕಿನ ಸುತ್ತ ತಿರುಗುತ್ತಿವೆ. ಬಿಲ್ಲಿನಲ್ಲಿ ಬರೆದ ಅಳತೆಗೂ ಕೈಗೆ ಬಂದ ಮರದ ಅಳತೆಗೂ ತಾಳೆಯಾಗುವುದಿಲ್ಲ. ಅದರ ಜೊತೆಗೆ ಮೂರು ನಾಲ್ಕು ಅಕ್ಷರಗಳ ಒಂದು ಗುಟ್ಟಿನ ಭಾಷೆ ಬೇರೆ. ಆ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ದಸರೆಗೆ ಏಳು ಮೆಟ್ಟಿಲಿನ ಗೊಂಬೆ ಹಂತವನ್ನು ನಾನೇ ಮಾಡಬೇಕೆಂದು, ಮೆಟ್ಟಿಲಿಗೆ 12 ಅಂಗುಲದಂತೆ ನಕ್ಷೆ ಬರೆದುಕೊಂಡು, 1 × 12ರ ಹಲಗೆಗಳನ್ನೂ ಆಧಾರಕ್ಕೆ 2 × 4ರ ತುಂಡುಗಳನ್ನೂ ತಂದೆ. ಅಳೆದರೆ ಹಲಗೆಯ ಅಗಲ 11¼ ಅಂಗುಲ, ದಪ್ಪ ಮುಕ್ಕಾಲು ಅಂಗುಲ ಮಾತ್ರ. 2 × 4 ಎಂದದ್ದು 1½ × 3½ ಇದೆ. ಚೀಟಿಯಲ್ಲಿ ಎಸ್4ಎಸ್ ಎಂದಿದೆ. ತಪ್ಪಿದ್ದು ನಾನೋ, ಅಂಗಡಿಯವರೋ?
ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಇಬ್ಬರೂ ತಪ್ಪಿಲ್ಲ. ನೀವು ಕೊಂಡದ್ದು ಸರಿಯಾದ ಹಲಗೆಯನ್ನೇ. ನಕ್ಷೆಯನ್ನು ಮಾತ್ರ ಹಲಗೆಯ ಹೆಸರನ್ನು ನಂಬಿ ಬರೆದಿದ್ದೀರಿ. ಅಮೆರಿಕದಲ್ಲಿ ಪೈನ್, ಫರ್, ಸ್ಪ್ರೂಸ್ ಮುಂತಾದ ಮೆದುಮರಗಳನ್ನು ಮಾರುವಾಗ ಹೇಳುವ 1 × 12, 2 × 4 ಎಂಬುವು ಹೆಸರಿನ ಅಳತೆಗಳು, ಅಂದರೆ ಮರ ಗರಗಸದಿಂದ ಹಸಿಯಾಗಿ ಇಳಿದ ಹೊತ್ತಿನ ಸುಮಾರು ಅಳತೆಯ ನೆನಪು. ಆಮೇಲೆ ಅದು ಒಣಗಿ ಕುಗ್ಗುತ್ತದೆ, ಹತ್ತರಿಯಂತ್ರದ ಬಾಯಿಗೆ ಹೋಗಿ ನಾಲ್ಕು ಮೈಯನ್ನೂ ಕೀಸಿಕೊಂಡು ಹೊರಬರುತ್ತದೆ. ಆಗ ಉಳಿಯುವುದು ನಿಮ್ಮ ಅಳತೆಪಟ್ಟಿ ತೋರಿಸಿದ ಅಳತೆ. ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ, ನಾಲ್ಕು ದಶಕ ದಾಟಿದವರನ್ನೂ ಮನೆಯಲ್ಲಿ ಪುಟ್ಟಣ್ಣ ಎಂದೇ ಕರೆಯುವ ಹಾಗೆ.

ಈ ಕಡಿತಕ್ಕೆ ಒಂದು ಕ್ರಮವಿದೆ. ಅದನ್ನು ತಿಳಿದರೆ ಅಂಗಡಿಯಲ್ಲಿ ಅಳತೆಪಟ್ಟಿಯೇ ಬೇಡ. ದಪ್ಪದಲ್ಲಿ 1 ಅಂಗುಲವೆಂದದ್ದು ¾ ಆಗುತ್ತದೆ, 2 ಎಂದದ್ದು 1½. ಅಗಲದಲ್ಲಿ 4 ಮತ್ತು 6 ಅಂಗುಲದವು ಅರ್ಧ ಅಂಗುಲ ಕಳೆದುಕೊಂಡು 3½ ಮತ್ತು 5½ ಆಗುತ್ತವೆ. 8, 10, 12 ಅಂಗುಲದವು ಮುಕ್ಕಾಲು ಅಂಗುಲ ಕಳೆದುಕೊಂಡು 7¼, 9¼, 11¼ ಆಗುತ್ತವೆ. ಅಗಲ ಹೆಚ್ಚಿದಷ್ಟೂ ಕುಗ್ಗುವಿಕೆ ಹೆಚ್ಚು, ಅದಕ್ಕೇ ಕಳೆಯುವುದೂ ಹೆಚ್ಚು. ಉದ್ದದಲ್ಲಿ ಮಾತ್ರ ಕಡಿತವಿಲ್ಲ, ಏಕೆಂದರೆ ಮರ ತನ್ನ ನಾರಿನ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ; 8 ಅಡಿಯೆಂದರೆ 8 ಅಡಿಯೇ, ಕೆಲವೊಮ್ಮೆ ಒಂದೆರಡು ನೂಲು ಹೆಚ್ಚೂ ಇರುತ್ತದೆ. ಇದಕ್ಕೆ ಒಂದು ಹೊರತು ಉಂಟು. ಸ್ಟಡ್ ಎಂಬ ಹೆಸರಿನಲ್ಲಿ ರಾಶಿ ಹಾಕಿರುವ 2 × 4ಗಳಲ್ಲಿ ಕೆಲವು 96 ಅಂಗುಲವಿರದೆ 92⅝ ಅಂಗುಲವಿರುತ್ತವೆ. 8 ಅಡಿಯ ಗೋಡೆಯಲ್ಲಿ ಕೆಳಗೊಂದು, ಮೇಲೆರಡು ಪಟ್ಟಿ ಬಂದ ಮೇಲೆ ನಡುವೆ ನಿಲ್ಲಿಸಲು ಮೊದಲೇ ಕತ್ತರಿಸಿಟ್ಟ ತುಂಡುಗಳವು. ಮೆಟ್ಟಿಲಿನ ಚೌಕಟ್ಟಿಗೆ ಅವನ್ನು ತಂದರೆ ಮೂರೂಕಾಲು ಅಂಗುಲಕ್ಕೂ ಹೆಚ್ಚು ಗಿಡ್ಡವಾಗುತ್ತದೆ.

ಇನ್ನು ಎಸ್4ಎಸ್. ಮೊದಲ ಎಸ್ ಎಂದರೆ ಸರ್ಫೇಸ್ಡ್, ನಮ್ಮ ಮಾತಿನಲ್ಲಿ ಹತ್ತರಿ ಹೊಡೆದದ್ದು. 4 ಎಂದರೆ ನಾಲ್ಕು. ಕೊನೆಯ ಎಸ್ ಎಂದರೆ ಸೈಡ್ಸ್, ಮೈಗಳು. ನಾಲ್ಕು ಮೈಯನ್ನೂ ಕೀಸಿ ನಯಮಾಡಿದ ಮರ ಎಂದು ಓದಿಕೊಳ್ಳಿ. ಇದೇ ಸೂತ್ರ ಹಿಡಿದರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಎಸ್1ಎಸ್ ಎಂದರೆ ಒಂದು ಅಗಲದ ಮುಖಕ್ಕೆ ಮಾತ್ರ ಹತ್ತರಿ, ಎಸ್2ಎಸ್ ಎಂದರೆ ಎದುರುಬದುರಿನ ಎರಡು ಮುಖಕ್ಕೆ. ಕೊನೆಯಲ್ಲಿ ಇ ಬಂದರೆ ಅದು ಎಡ್ಜ್, ಹಲಗೆಯ ದಪ್ಪ ಕಾಣುವ ಅಂಚು. ಹಾಗಾಗಿ ಎಸ್1ಎಸ್1ಇ ಎಂದರೆ ಒಂದು ಮುಖ, ಒಂದು ಅಂಚು. ಎಸ್2ಎಸ್1ಇ ಎಂದರೆ ಎರಡು ಮುಖ, ಒಂದು ಅಂಚು. ಕೆಲವರು ಎಸ್ ಬದಲು ಡ್ರೆಸ್ಡ್ ಎಂಬುದರ ಡಿ ಹಾಕಿ ಡಿ4ಎಸ್ ಎನ್ನುತ್ತಾರೆ; ಅರ್ಥ ಅದೇ. ಆರ್‌ಜಿಎಚ್ ಎಂದಿದ್ದರೆ ಹತ್ತರಿಯನ್ನೇ ಕಾಣದ, ಗರಗಸದ ಗೆರೆಗಳು ಹಾಗೇ ಇರುವ ಒರಟು ಮರ.

ಎಲ್ಲ ಮೈಯನ್ನೂ ಕೀಸದೆ ಒಂದು ಮುಖ, ಒಂದು ಅಂಚಿಗೆ ನಿಲ್ಲಿಸುವುದೇಕೆಂದು ಅನ್ನಿಸಬಹುದು. ಸ್ವಂತ ಯಂತ್ರವಿರುವ ಬಡಗಿಗೆ ಬೇಕಾದುದು ಒಂದು ನೇರವಾದ ಮುಖ ಮತ್ತು ಅದಕ್ಕೆ ಮಟ್ಟಗೋಲು ಹಿಡಿದಂತೆ ನಿಂತ ಒಂದು ಅಂಚು. ಆ ಎರಡು ಸರಿಯಿದ್ದರೆ ಉಳಿದೆರಡನ್ನು ತನಗೆ ಬೇಕಾದ ದಪ್ಪ, ಅಗಲಕ್ಕೆ ಅವನೇ ತಂದುಕೊಳ್ಳುತ್ತಾನೆ, ಮರವೂ ಉಳಿಯುತ್ತದೆ. ನಿಮ್ಮಂತೆ ವರ್ಷಕ್ಕೊಮ್ಮೆ ಗರಗಸ ಹಿಡಿಯುವವರಿಗೆ ಎಸ್4ಎಸ್ ವಾಸಿ.

ನಕ್ಷೆಯ ಮಾತಿಗೆ ಬರೋಣ. ಏಳು ಮೆಟ್ಟಿಲಿಗೆ ಮುಕ್ಕಾಲು ಅಂಗುಲದಂತೆ ಒಟ್ಟು 5¼ ಅಂಗುಲ ಕಡಿಮೆಯಾಗುತ್ತದೆ; 84 ಅಂಗುಲ ಆಳದ ಹಂತ 78¾ಕ್ಕೆ ಇಳಿಯುತ್ತದೆ. ಪಟ್ಟದ ಗೊಂಬೆಗಳಿಗೆ 11¼ ಅಂಗುಲ ಧಾರಾಳವಾಗಿ ಸಾಕು, ಆದ್ದರಿಂದ ಹಲಗೆ ಬದಲಿಸಬೇಡಿ, ನಕ್ಷೆ ಬದಲಿಸಿ. ಇಳಿಜಾರಿನ ಆಧಾರಗಳನ್ನು ಹೊಸ ಅಳತೆಗೆ ಕತ್ತರಿಸಿದರೆ ಆಯಿತು. ಆದರೆ ದಪ್ಪ ಮುಕ್ಕಾಲು ಅಂಗುಲವೇ ಎಂಬುದನ್ನು ಮರೆಯಬೇಡಿ. ಮೂರಡಿಗಿಂತ ಉದ್ದದ ಹಲಗೆಯ ನಡುವೆ ಊರೆಗೋಲು ಕೊಡದೆ ಹಿತ್ತಾಳೆಯ ವಿಗ್ರಹಗಳನ್ನು ಸಾಲಾಗಿ ಕೂರಿಸಿದರೆ ಒಂಬತ್ತು ದಿನದಲ್ಲಿ ಹಲಗೆ ಬಳುಕುವುದು ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ಅಮೆರಿಕದ ಮಗನ ಮನೆಗೆ ಹೋಗಿದ್ದಾಗ ಇದನ್ನು ಕಂಡು ಬೆರಗಾದೆ. ಎರಡು ಅಂಗುಲವೆಂದು ಹೇಳಿ ಒಂದೂವರೆ ಅಂಗುಲ ಕೊಡುವುದು ಮೋಸವಲ್ಲದೆ ಮತ್ತೇನು? ಅಲ್ಲಿಯ ಸರ್ಕಾರ ಇದನ್ನು ಒಪ್ಪುತ್ತದೆಯೇ?
ನಿವೃತ್ತ ಶಿಕ್ಷಕರೊಬ್ಬರು, ಧಾರವಾಡ

ಉತ್ತರ: ಒಪ್ಪುವುದಷ್ಟೇ ಅಲ್ಲ, ಆ ಒಂದೂವರೆ ಅಂಗುಲವನ್ನು ಮಾನಕದಲ್ಲೇ ಬರೆದಿಟ್ಟಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಒಬ್ಬೊಬ್ಬ ಮಿಲ್ಲಿನವನದು ಒಂದೊಂದು ಅಳತೆ. ಕಾಡು ಒಂದು ತುದಿಯಲ್ಲಿ, ಮನೆ ಕಟ್ಟುವ ಊರು ಇನ್ನೊಂದು ತುದಿಯಲ್ಲಿ, ನಡುವೆ ತೂಕದ ಮೇಲೆ ಬಾಡಿಗೆ ಕೇಳುವ ರೈಲು. ಹಸಿಮರ ಸಾಗಿಸಿದರೆ ನೀರಿಗೂ ಬಾಡಿಗೆ, ಕೀಸದೆ ಸಾಗಿಸಿದರೆ ಹೊಟ್ಟಾಗಲಿರುವ ಮರಕ್ಕೂ ಬಾಡಿಗೆ. ಆದ್ದರಿಂದ ಮಿಲ್ಲಿನಲ್ಲೇ ಒಣಗಿಸಿ, ಮಿಲ್ಲಿನಲ್ಲೇ ಹತ್ತರಿ ಹೊಡೆದು ಕಳಿಸುವ ರೂಢಿ ಬಂತು. ಆದರೆ ಎಷ್ಟು ಕೀಸಬೇಕೆಂಬುದಕ್ಕೆ ಮಿತಿಯಿರಲಿಲ್ಲ. ಒಬ್ಬ ಕಡಿಮೆ ಕೀಸಿದರೆ ಇನ್ನೊಬ್ಬ ಹೆಚ್ಚು ಕೀಸಿ ಅದೇ ಹೆಸರಿಗೆ ಅಗ್ಗವಾಗಿ ಮಾರುತ್ತಿದ್ದ. 1919ರಲ್ಲಿ ಶಿಕಾಗೋದಲ್ಲಿ ಮರದ ಉದ್ಯಮದವರ ಸಮಾವೇಶ ನಡೆದು ಏಕರೂಪದ ಅಳತೆಯ ಮಾತು ಶುರುವಾಯಿತು. ಮುಂದೆ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದಾಗ, 1924ರಲ್ಲಿ, ಮೊದಲ ರಾಷ್ಟ್ರೀಯ ಮಾನಕ ಬಂತು. ಆಗ 2 ಅಂಗುಲವೆಂಬ ಮರದ ದಪ್ಪ 1⅝ ಅಂಗುಲ. ಅದು ಇಂದಿನ 1½ಕ್ಕೆ ಇಳಿದದ್ದು 1970ರ ಮಾನಕದಲ್ಲಿ. ಹಳೆಯ ಅಮೆರಿಕನ್ ಮನೆಯ ಗೋಡೆ ಬಿಚ್ಚಿದವರಿಗೆ ಈಗಿನದಕ್ಕಿಂತ ಒಂದು ನೂಲು ದಪ್ಪದ 2 × 4 ಸಿಗುವುದು ಇದೇ ಕಾರಣಕ್ಕೆ. ನೂಲು ಎಂದೆನಲ್ಲ, ಅಂಗುಲದ ಎಂಟನೆಯ ಭಾಗಕ್ಕೆ ನಮ್ಮ ಬಡಗಿಗಳ ಹೆಸರು ಅದು. ಕೆಲವರ ಬಾಯಲ್ಲಿ ಅದೇ ಸೂತು.

ಆ 1970ರ ಮಾನಕದಲ್ಲಿ ನನಗೆ ಮೆಚ್ಚಿಗೆಯಾದ ಒಂದು ಸೂಕ್ಷ್ಮವಿದೆ. ಒಣಮರವಾಗಿದ್ದಾಗ ಕೀಸಿದ 2 × 4 ದಪ್ಪದಲ್ಲಿ 1½ ಇದ್ದರೆ, ಹಸಿಯಾಗಿದ್ದಾಗ ಕೀಸಿದ್ದು 1 9/16 ಇರಬೇಕೆಂದು ಅದು ವಿಧಿಸಿತು. ಹಸಿಮರ ಮುಂದೆ ಒಣಗಿ ಕುಗ್ಗಿದಾಗ ಒಣಮರದ ಸಮಕ್ಕೆ ಬರಬೇಕು, ಕೊಂಡವನಿಗೆ ಯಾವುದಾದರೂ ಒಂದೇ ಎನಿಸಬೇಕು ಎಂಬುದು ಅದರ ಹಿಂದಿನ ಲೆಕ್ಕ.

ನ್ಯಾಯಾಲಯದ ಮೆಟ್ಟಿಲೂ ಹತ್ತಿಯಾಗಿದೆ. 4 × 4 ಎಂದು ಮಾರಿದ ಮರ 3½ × 3½ ಇದೆಯೆಂದು ಗ್ರಾಹಕರು ದೊಡ್ಡ ಅಂಗಡಿಗಳ ಮೇಲೆ ಹೂಡಿದ ದಾವೆಯೊಂದು 2017ರಲ್ಲಿ ಇಲಿನಾಯ್‌ನ ಫೆಡರಲ್ ನ್ಯಾಯಾಲಯದಲ್ಲಿ ವಜಾ ಆಯಿತು. ಆದರೂ ನಿಮ್ಮ ಅಸಮಾಧಾನದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಮ್ಮಲ್ಲಿ ದಿಮ್ಮಿ ಅಳೆಯುವ ಹಳೆಯ ರೂಢಿಯನ್ನೇ ನೋಡಿ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಬರುವ ಘನ ಅಡಿ, ದುಂಡು ದಿಮ್ಮಿಯ ನಿಜವಾದ ಗಾತ್ರದ 78.5% ಮಾತ್ರ. ಕೊಯ್ಯುವಾಗ ಹಾಳಾಗುವ ಮರವನ್ನು ಅಲ್ಲಿ ಕೊಳ್ಳುವವನ ತಲೆಗೆ ಕಟ್ಟುವುದಿಲ್ಲ. ಕೀಸಿದ ಮರದ ವ್ಯಾಪಾರದಲ್ಲಿ ಅದು ತಿರುವುಮುರುವಾಗಿದೆ. ಹೊಟ್ಟಾಗಿ ಮಿಲ್ಲಿನಲ್ಲೇ ಉಳಿದ ಮರಕ್ಕೂ ಕೊಳ್ಳುವವನೇ ದುಡ್ಡು ತೆರುತ್ತಾನೆ.

ಪ್ರಶ್ನೆ: ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮಾಳಿಗೆಯ ಒಳಚೌಕಟ್ಟಿಗೆ ಆಮದು ಪೈನ್ ಹಾಕೋಣವೆಂದು ಒಳಾಂಗಣದವರು ಹೇಳಿ ತರಿಸಿದ ದರಪಟ್ಟಿಯಲ್ಲಿ “ಪೈನ್ 2 × 4 × 8, ಎಸ್4ಎಸ್, ಕೆಡಿ, ದರ ಸಿಎಫ್‌ಟಿಗೆ” ಎಂದಿದೆ. ಇನ್ನೊಬ್ಬರ ದರ ಇದಕ್ಕಿಂತ ಹೆಚ್ಚಿದೆ, ಆದರೆ ಅವರು “ಫಿನಿಷ್ ಸೈಜ್” ಎಂದು ಬರೆದಿದ್ದಾರೆ. ಯಾವುದು ಲಾಭ?
ಮನೆ ಕಟ್ಟಿಸುತ್ತಿರುವವರು, ಬೆಂಗಳೂರು

ಉತ್ತರ: ದರ ನೋಡಿ ಉತ್ತರ ಹೇಳಲು ಬರುವುದಿಲ್ಲ, ಘನ ಅಡಿಯನ್ನು ಯಾವ ಅಳತೆಯಿಂದ ಕಟ್ಟಿದ್ದಾರೆ ಎಂಬುದನ್ನು ಮೊದಲು ಕೇಳಿ. ಲೆಕ್ಕದ ಸುಲಭಕ್ಕೆ ಸಿಎಫ್‌ಟಿಗೆ, ಅಂದರೆ ಒಂದು ಘನ ಅಡಿಗೆ, 1,000 ರೂಪಾಯಿ ಎಂದಿಟ್ಟುಕೊಂಡು ಇಂಥ ನೂರು ತುಂಡು ಕೊಳ್ಳೋಣ. ಹೆಸರಿನ ಅಳತೆಯಲ್ಲಿ ಒಂದು ತುಂಡು 2 × 4 × 8, ಅಂದರೆ 64ನ್ನು 144ರಿಂದ ಭಾಗಿಸಿದರೆ 0.444 ಘನ ಅಡಿ, ನೂರಕ್ಕೆ 44.4 ಘನ ಅಡಿ, ಬಿಲ್ಲು ಸುಮಾರು 44,400 ರೂಪಾಯಿ. ಕೈಗೆ ಬರುವ ಮರ 1½ × 3½ × 8, ಅಂದರೆ 42ನ್ನು 144ರಿಂದ ಭಾಗಿಸಿ 0.292 ಘನ ಅಡಿ; ನೂರಕ್ಕೆ 29.2 ಮಾತ್ರ. ಬಿಲ್ಲಿನಲ್ಲಿರುವ ಮರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಿಮ್ಮ ಲಾರಿಗೆ ಏರುವುದೇ ಇಲ್ಲ. ಕೈಗೆ ಬಂದ ಮರದ ಲೆಕ್ಕ ಹಿಡಿದರೆ ಆ 1,000ದ ದರ ವಾಸ್ತವದಲ್ಲಿ 1,524 ರೂಪಾಯಿ. ಆದ್ದರಿಂದ ಎರಡನೆಯವರು ಫಿನಿಷ್ ಸೈಜಿಗೆ, ಅಂದರೆ ಕೀಸಿದ ಮೇಲಿನ ಅಳತೆಗೆ, 1,400 ಕೇಳಿದರೂ ಅವರೇ ಅಗ್ಗ.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ಹಲವು ವರ್ಷಗಳ ಹಿಂದೆ ಮನೆಯ ಪುಸ್ತಕದ ಕಪಾಟಿಗೆ ಒಂದು ಅಂಗುಲದ ಹಲಗೆಗೆ ಮುಂಗಡ ಕೊಟ್ಟು, ಮರ ಬರುವ ಮೊದಲೇ ಉತ್ಸಾಹದಿಂದ ಕಂಬಗಳಿಗೆ ಒಂದು ಅಂಗುಲದ ಗಾಡಿ (ಹಲಗೆ ಕೂರುವ ಕೊರೆತ) ತೋಡಿಸಿಬಿಟ್ಟೆ. ಬಂದ ಹಲಗೆ ಆರು ನೂಲು ದಪ್ಪವಿತ್ತು. ಹಲಗೆ ಗಾಡಿಯೊಳಗೆ ಲಟಲಟ ಆಡುವುದನ್ನು ನೋಡಿ ನಮ್ಮ ಬಡಗಿ ಏನೂ ಮಾತಾಡದೆ ತೆಳು ಪಟ್ಟಿ ಸೀಳಿ ತುಂಬತೊಡಗಿದರು. ಆ ಪಟ್ಟಿಗಳು ಇಂದಿಗೂ ಕಪಾಟಿನಲ್ಲಿ ಕಾಣುತ್ತವೆ. ಅಂಗಡಿಯವರು ಕೀಸುವ ಮೊದಲಿನ ಅಳತೆ ಹೇಳಿದ್ದರು, ನಾನು ಕೀಸಿದ ಮೇಲಿನದೆಂದು ಕೇಳಿಸಿಕೊಂಡಿದ್ದೆ. ಅಂದಿನಿಂದ ಮಿಲಿಮೀಟರಿನಲ್ಲಿ, “ಹತ್ತರಿ ಹೊಡೆದ ಮೇಲೆ” ಎಂಬ ಮೂರು ಪದ ಸೇರಿಸಿಯೇ ಆರ್ಡರ್ ಬರೆಯುತ್ತೇನೆ. ನೀವೂ 38 × 89 ಮಿ.ಮೀ. ಎಂದು ಬರೆಸಿಕೊಳ್ಳಿ, ಕೆನಡಾದಿಂದ ಬರುವ 2 × 4ರ ನಿಜವಾದ ಅಳತೆ ಅದೇ.

ತೇಗದ ಚೌಕಟ್ಟಿಗೂ ಇದೇ ಎಚ್ಚರ ಬೇಕು. ಸಾಮಿಲ್‌ನಲ್ಲಿ 5 × 4 ಎಂದು ಕೊಯ್ಸಿದ ಮರ ಬಾಗಿಲ ಚೌಕಟ್ಟಾಗಿ ನಿಲ್ಲುವಾಗ ಎರಡು ನೂಲಾದರೂ ಇಳಿದಿರುತ್ತದೆ. ಅಲ್ಲಿ ಗೋಡೆಗೆ ತಾಗುವ ಮೈಗೆ ಹತ್ತರಿ ಹೊಡೆಯದೆ ಟಾರು ಬಳಿಯುವುದುಂಟು. ಅಮೆರಿಕದವನು ಕಂಡರೆ ಅದನ್ನು ಎಸ್3ಎಸ್ ಎಂದಾನು.

ಇನ್ನು ಕೆಡಿ. ಕಿಲ್ನ್ ಡ್ರೈಡ್, ಅಂದರೆ ಬಿಸಿಗಾಳಿಯ ಕೋಣೆಯಲ್ಲಿಟ್ಟು ಒಣಗಿಸಿದ್ದು. ಎಡಿ ಎಂದಿದ್ದರೆ ಗಾಳಿಗೆ ಅಟ್ಟಿ ಕಟ್ಟಿ ಒಣಗಿಸಿದ್ದು, ನಮ್ಮ ಮರದಂಗಡಿಗಳಲ್ಲಿ ಸೀಸನ್ ಆದ ಮರವೆಂದರೆ ಹೆಚ್ಚಾಗಿ ಇದೇ. ಉತ್ತರ ಅಮೆರಿಕದ ಮರದ ಮೇಲೆ ಎಸ್-ಡ್ರೈ ಎಂಬ ಮುದ್ರೆಯಿದ್ದರೆ, ಹತ್ತರಿ ಹೊಡೆಯುವ ಹೊತ್ತಿಗೆ ತೇವಾಂಶ 19%ಕ್ಕಿಂತ ಹೆಚ್ಚಿರಲಿಲ್ಲ ಎಂದರ್ಥ. ಎಸ್-ಜಿಆರ್‌ಎನ್ ಎಂದರೆ ಹಸಿಯಾಗಿದ್ದಾಗಲೇ ಕೀಸಿದ್ದು. ಕೆಡಿ15 ಎಂದರೆ 15%ಕ್ಕೆ ಒಣಗಿಸಿದ್ದು. ಇಲ್ಲಿ ಕ್ರಮ ಮುಖ್ಯ. ಒಣಗಿಸಿ ಕೀಸಿದ ಮರ ನೇರ ನಿಲ್ಲುತ್ತದೆ. ಕೀಸಿ ಒಣಗಿದ ಮರ ತನಗೆ ಬೇಕಾದ ಕಡೆ ತಿರುಚಿಕೊಳ್ಳುತ್ತದೆ, ಹತ್ತರಿಯ ನಯ ಅದನ್ನು ತಡೆಯುವುದಿಲ್ಲ. ಮರ ಇಳಿಸಿಕೊಳ್ಳುವ ದಿನ ಒಂದು ತೇವಾಂಶ ಮಾಪಕ ತಂದು ಹತ್ತಾರು ತುಂಡುಗಳ ತುದಿಗೆ ಚುಚ್ಚದೆ ನಡುಮೈಗೆ ಚುಚ್ಚಿ ನೋಡಿ. ತುದಿ ಯಾವಾಗಲೂ ಬೇಗ ಒಣಗಿರುತ್ತದೆ, ಅದರ ಮಾತು ನಂಬಬಾರದು. ಆಮೇಲೆ ಒಂದು ತುಂಡನ್ನು ಕಣ್ಣಿಗೆ ಹಿಡಿದು, ಬಂದೂಕು ಗುರಿಯಿಡುವವರ ಹಾಗೆ ಅಂಚಿನ ಮೇಲೆ ನೋಟ ಹಾಯಿಸಿದರೆ ಡೊಂಕು, ತಿರುಚು ಎಲ್ಲ ಒಂದೇ ಸಲಕ್ಕೆ ಕಾಣುತ್ತವೆ.

ಪ್ರಶ್ನೆ: ಪೀಠೋಪಕರಣ ಮಾಡುವ ಸಣ್ಣ ಘಟಕ ನಮ್ಮದು. ಅಮೆರಿಕದ ಬಿಳಿ ಓಕ್‌ಗೆ ಬಂದ ದರಪಟ್ಟಿಯಲ್ಲಿ “4/4 ಮತ್ತು 8/4, ಎಫ್‌ಎಎಸ್, ಕೆಡಿ, ಆರ್‌ಜಿಎಚ್, ಆರ್‌ಡಬ್ಲ್ಯುಎಲ್, ದರ ಎಂಬಿಎಫ್‌ಗೆ” ಎಂದಿದೆ. 2 × 4ರ ಲೆಕ್ಕ ಇಲ್ಲಿಗೂ ಹೊಂದುತ್ತದೆಯೇ?
ಪೀಠೋಪಕರಣ ತಯಾರಕರು, ಮೈಸೂರು

ಉತ್ತರ: ಹೊಂದುವುದಿಲ್ಲ, ಗಟ್ಟಿಮರದ ವ್ಯಾಪಾರಕ್ಕೆ ಬೇರೆಯೇ ವ್ಯಾಕರಣ. ಗಟ್ಟಿಮರ ಎಂಬುದು ಇಲ್ಲಿ ಸಸ್ಯಶಾಸ್ತ್ರದ ಪದ, ಅಗಲ ಎಲೆಯ ಮರಗಳಿಗೆಲ್ಲ ಇದೇ ಹೆಸರು. ಬೆಂಕಿಕಡ್ಡಿಗೆ ಹೋಗುವ ನಮ್ಮ ಬೂರುಗವೂ ಆ ಲೆಕ್ಕದಲ್ಲಿ ಗಟ್ಟಿಮರವೇ.

4/4 ಎಂಬುದನ್ನು ಓದಲು ಕನ್ನಡಿಗರಿಗೆ ಕಷ್ಟವಾಗಬಾರದು. ಅಂಗುಲದ ಕಾಲುಭಾಗಗಳನ್ನು ಎಣಿಸುವ ರೀತಿ ಅದು. ನಾಲ್ಕು ಕಾಲು ಎಂದರೆ ಒಂದು ಅಂಗುಲ, ಐದು ಕಾಲು ಎಂದರೆ ಒಂದೂಕಾಲು, ಆರು ಕಾಲು ಒಂದೂವರೆ, ಎಂಟು ಕಾಲು ಎರಡು. ಮೂರು ಕಾಲನ್ನು ಮುಕ್ಕಾಲು ಎಂದು ನಾವು ಅನ್ನುವುದಿಲ್ಲವೇ, ಹಾಗೆ. ಇದು ಒರಟು ಮರದ ದಪ್ಪ, ಮತ್ತು ನಿಮ್ಮ ಪಟ್ಟಿಯಲ್ಲಿ ಆರ್‌ಜಿಎಚ್ ಇರುವುದರಿಂದ 4/4ರ ಹಲಗೆ ನಿಜವಾಗಿಯೂ ಸುಮಾರು ಒಂದು ಅಂಗುಲವೇ ಬರುತ್ತದೆ. ಅದನ್ನೇ ಎಸ್2ಎಸ್ ಮಾಡಿಸಿ ತರಿಸಿದರೆ 13/16 ಅಂಗುಲ ಉಳಿಯುತ್ತದೆ, 8/4ರದು 1¾. ಹಾಗಿದ್ದರೂ ಹಣ ಕೊಡುವುದು ಕೀಸುವ ಮೊದಲಿನ ದಪ್ಪಕ್ಕೇ. ಸ್ವಂತ ಹತ್ತರಿಯಂತ್ರ ಇರುವ ನೀವು ಒರಟು ಮರವನ್ನೇ ತರಿಸಿಕೊಳ್ಳಿ. ಮೊದಲು ಬೇಕಾದ ಉದ್ದಕ್ಕೆ ಕತ್ತರಿಸಿ ಆಮೇಲೆ ಕೀಸಿದರೆ, ಹತ್ತಡಿಯ ಹಲಗೆಯ ಬಾಗು ಮೂರಡಿಯ ತುಂಡಿನಲ್ಲಿ ಅಷ್ಟು ಕಾಡುವುದಿಲ್ಲ, ದಪ್ಪ ಹೆಚ್ಚು ಉಳಿಯುತ್ತದೆ.

ಆರ್‌ಡಬ್ಲ್ಯುಎಲ್ ಎಂದರೆ ಅಗಲ, ಉದ್ದ ಎರಡೂ ಬೆರಕೆ. ಒಂದೇ ಅಳತೆಯ ಹಲಗೆಗಳನ್ನು ನಿರೀಕ್ಷಿಸಬೇಡಿ. ಬಿಎಫ್ ಎಂದರೆ ಬೋರ್ಡ್ ಫುಟ್, ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದಷ್ಟು ಮರ. ಅಂಥ ಹನ್ನೆರಡು ಸೇರಿದರೆ ಒಂದು ಘನ ಅಡಿ. ಎಂಬಿಎಫ್‌ನ ಮೊದಲ ಎಂ ಸಾವಿರವನ್ನು ಸೂಚಿಸುವ ರೋಮನ್ ಅಂಕಿ. ಹತ್ತು ಲಕ್ಷವೆಂದು ತಿಳಿದು ಗಾಬರಿಯಾಗಬೇಡಿ. ಒಂದು ಎಂಬಿಎಫ್ ಎಂದರೆ ಸುಮಾರು 83.3 ಸಿಎಫ್‌ಟಿ, ಅಥವಾ 2.36 ಘನ ಮೀಟರ್.

ಎಫ್‌ಎಎಸ್ ಎಂಬುದು ಹತ್ತರಿಗೆ ಸಂಬಂಧಿಸಿದ್ದಲ್ಲ, ದರ್ಜೆ. 1898ರಲ್ಲಿ ಸ್ಥಾಪನೆಯಾದ ಅಮೆರಿಕದ ರಾಷ್ಟ್ರೀಯ ಗಟ್ಟಿಮರ ಸಂಘದ ನಿಯಮಗಳಂತೆ ಇದು ಮೇಲ್ದರ್ಜೆ: ಹಲಗೆ ಕನಿಷ್ಠ 6 ಅಂಗುಲ ಅಗಲ, 8 ಅಡಿ ಉದ್ದವಿರಬೇಕು, ಎರಡು ಮುಖಗಳಲ್ಲಿ ಕಳಪೆಯಾದುದರ ಕಡೆಯಿಂದ ನೋಡಿದರೂ ಹನ್ನೆರಡರಲ್ಲಿ ಹತ್ತು ಪಾಲು, ಅಂದರೆ 83⅓%, ಗಂಟು ಬಿರುಕಿಲ್ಲದ ತುಂಡುಗಳಾಗಿ ಸಿಗಬೇಕು. ಊಟದ ಮೇಜಿಗೆ ಇದು ಸರಿ. ಕುರ್ಚಿಯಂಥ ಸಣ್ಣ ತುಂಡುಗಳ ಕೆಲಸಕ್ಕೆ ನಂಬರ್ 1 ಕಾಮನ್ ಎಂಬ, ಹನ್ನೆರಡರಲ್ಲಿ ಎಂಟು ಪಾಲು ಶುದ್ಧ ಮರ ಸಿಗುವ ಅಗ್ಗದ ದರ್ಜೆಯನ್ನು ಕೇಳಿ ನೋಡಿ. ಗಂಟಿನ ನಡುವೆ ಸಿಗುವ ತುಂಡುಗಳೇ ನಿಮಗೆ ಸಾಕಾಗಬಹುದು.

ಒಂದು ಮಾತು ಕೆಡಿ ಬಗ್ಗೆ. ಅಲ್ಲಿ ಗಟ್ಟಿಮರವನ್ನು ಸಾಮಾನ್ಯವಾಗಿ 6ರಿಂದ 8% ತೇವಾಂಶಕ್ಕೆ ಒಣಗಿಸುತ್ತಾರೆ, ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಗಳಿಗೆ ಹೊಂದಲೆಂದು. ನಮ್ಮ ಗಾಳಿಯಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಬಂದ ದಿನವೇ ಕೀಸಬೇಡಿ; ನಡುವೆ ರೀಪು ಕೊಟ್ಟು ಅಟ್ಟಿ ಕಟ್ಟಿ ಕೆಲವು ವಾರ ನಿಮ್ಮ ಕೊಟ್ಟಿಗೆಯ ಗಾಳಿಗೆ ಬಿಡಿ. ಮಂಗಳೂರಿಗೋ ಕಾರವಾರಕ್ಕೋ ಹೋಗುವ ಮೇಜಾದರೆ ಮೇಲಿನ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಅಂಟಿಸದೆ, ಅಗಲಕ್ಕೆ ಸರಿದಾಡಲು ಅವಕಾಶ ಕೊಟ್ಟು ಕೂರಿಸಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ದೇವರ ಮಂಟಪಕ್ಕೆ ಮರ ಕೊಳ್ಳಲು ಹೋದರೆ ಎಸ್4ಎಸ್ ಎಂಬುದು ಯಾರಿಗೂ ಗೊತ್ತಿಲ್ಲ. ಪಿಎಆರ್, ಪಿಎಸ್‌ಇ ಎನ್ನುತ್ತಾರೆ.
ಓದುಗರೊಬ್ಬರು, ಮಿಲ್ಟನ್ ಕೀನ್ಸ್

ಉತ್ತರ: ಪದಾರ್ಥ ಒಂದೇ, ಹೆಸರು ಬೇರೆ. ಪಿಎಆರ್ ಎಂದರೆ ಪ್ಲೇನ್ಡ್ ಆಲ್ ರೌಂಡ್, ಸುತ್ತಲೂ ಕೀಸಿದ್ದು. ಪಿಎಸ್‌ಇ ಎಂದರೆ ಪ್ಲೇನ್ಡ್ ಸ್ಕ್ವೇರ್ ಎಡ್ಜ್, ಅದೇ ಮರ, ಅಂಚು ಚೂಪಾಗಿ ಚೌಕವಾಗಿರುತ್ತದೆ ಎಂಬ ಒತ್ತಿನೊಂದಿಗೆ. ಕೊಳ್ಳುವವರಿಗೆ ಎರಡರ ನಡುವೆ ಹೆಚ್ಚಿನ ಭೇದವಿಲ್ಲ. ಅಳತೆಯ ಹಿಂದೆ ಎಕ್ಸ್ ಎಂದಿದ್ದರೆ ಗಮನಿಸಿ: ಎಕ್ಸ್ 50 × 25 ಎಂದರೆ ಆ ಗಾತ್ರದ ಒರಟು ಮರದಿಂದ ಕೀಸಿ ತೆಗೆದದ್ದು, ಕೈಗೆ ಬರುವುದು ಸುಮಾರು 44 × 20 ಮಿ.ಮೀ. ಮರದ ವ್ಯಾಪಾರಿಗಳ ಅಂಗಡಿಯಲ್ಲಿ ಈ ಹಳೆಯ ಲೆಕ್ಕ ಇನ್ನೂ ಉಂಟು. ಮನೆಗೆಲಸದ ಸಾಮಾನಿನ ದೊಡ್ಡ ಮಳಿಗೆಗಳಲ್ಲಿ ಕೀಸಿದ ಮೇಲಿನ ಅಳತೆಯನ್ನೇ ಬರೆದಿರುವುದೂ ಉಂಟು. ಒಂದೇ ಮಂಟಪಕ್ಕೆ ಎರಡೂ ಕಡೆ ಮರ ಕೊಳ್ಳಬೇಡಿ. ಸಿಎಲ್‌ಎಸ್ ಎಂದು ಅಗ್ಗಕ್ಕೆ ಸಿಗುವುದು ಕೆನಡಾದ ಮಾನಕದ 38 × 89ರ ಗೋಡೆ ಕಟ್ಟುವ ಮರ, ಮೂಲೆಗಳು ದುಂಡಾಗಿರುತ್ತವೆ. ಎರಡು ತುಂಡು ಜೋಡಿಸಿದರೆ ನಡುವೆ ಕಣಿವೆ ಬೀಳುತ್ತದೆ, ಮಂಟಪಕ್ಕೆ ಚೆನ್ನಲ್ಲ. ಸಿ16, ಸಿ24 ಎಂಬುವು ಭಾರ ಹೊರುವ ಶಕ್ತಿಯ ದರ್ಜೆ. ದೇವರ ಪಟಗಳಿಗೆ ಅದರ ಚಿಂತೆ ಬೇಡ. ನಿಮ್ಮ ನಂಟರು ಆಸ್ಟ್ರೇಲಿಯಾದಲ್ಲೋ ನ್ಯೂಜಿಲೆಂಡಿನಲ್ಲೋ ಇದ್ದರೆ ಅವರಿಗೆ ಇದೇ ಮರ ಡಿಎಆರ್ ಎಂಬ ಹೆಸರಿನಲ್ಲಿ ಸಿಗುತ್ತದೆ.

ಪ್ರಶ್ನೆ: ಕಾರ್ಖಾನೆಯೊಂದರಿಂದ ಹಳೆಯ ಪ್ಯಾಲೆಟ್‌ಗಳನ್ನು (ಸರಕು ಇಟ್ಟು ಸಾಗಿಸುವ ಮರದ ಅಡಿಮಣೆಗಳನ್ನು) ಕೊಂಡಿದ್ದೇನೆ. ಮೇಲೆ ಗೋಧಿತೆನೆಯಂಥ ಗುರುತು, ಐಪಿಪಿಸಿ, ಎಚ್‌ಟಿ ಎಂಬ ಅಕ್ಷರಗಳಿವೆ. ಎಚ್‌ಟಿ ಎಂದರೆ ಒಣಗಿಸಿದ ಮರವೇ? ಹತ್ತರಿ ಹೊಡೆಸಿ ಸ್ಟೂಲು, ಗೂಡು ಮಾಡಬಹುದೇ?
ಯುವ ಓದುಗರು, ಹುಬ್ಬಳ್ಳಿ

ಉತ್ತರ: ಎಚ್‌ಟಿ ಎಂದರೆ ಹೀಟ್ ಟ್ರೀಟೆಡ್, ಕಾಯಿಸಿದ್ದು ಹೌದು, ಒಣಗಿಸಿದ್ದು ಎಂದಲ್ಲ. ದೇಶದಿಂದ ದೇಶಕ್ಕೆ ಮರದ ಜೊತೆ ಹುಳು ಹೋಗದಿರಲೆಂದು ಇರುವ, ಐಪಿಪಿಸಿ ಎಂಬ ಅಂತರರಾಷ್ಟ್ರೀಯ ಸಸ್ಯರಕ್ಷಣಾ ಒಪ್ಪಂದದ ನಿಯಮದಂತೆ, ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ತಲುಪಿ 30 ನಿಮಿಷ ನಿಂತಿರಬೇಕು. ಅಷ್ಟಕ್ಕೆ ಹುಳು ಸಾಯುತ್ತದೆ, ನೀರು ಪೂರ್ತಿ ಹೋಗುವುದಿಲ್ಲ. ಕೆಡಿ-ಎಚ್‌ಟಿ ಎಂದು ಎರಡೂ ಇದ್ದರೆ ಮಾತ್ರ ಒಣಗಿಸಿಯೂ ಇದೆ. ಎಂಬಿ ಎಂಬ ಮುದ್ರೆಯ ಪ್ಯಾಲೆಟ್ ಸಿಕ್ಕರೆ ಅದನ್ನು ಬದಿಗಿಡಿ. ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿರುತ್ತಾರೆ, ಮನೆಯ ಸಾಮಾನಿಗೂ ಒಲೆಗೂ ಅದು ಬೇಡ.

ಪ್ಯಾಲೆಟ್ ಹಲಗೆಯ ದೊಡ್ಡ ತೊಂದರೆ ಅಕ್ಷರದಲ್ಲಿಲ್ಲ, ಮೊಳೆಯಲ್ಲಿದೆ. ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಹತ್ತರಿಯಂತ್ರದ ಅಲಗಿನಲ್ಲಿ ಕಚ್ಚು ಮಾಡಿಬಿಡುತ್ತದೆ, ಆಮೇಲೆ ಆ ಯಂತ್ರದಿಂದ ಬರುವ ಪ್ರತಿ ಹಲಗೆಯ ಮೇಲೂ ಒಂದು ಉಬ್ಬುಗೆರೆ. ಹಳೆಯ ಮರ ಎಂದೊಡನೆ ಸಾಮಿಲ್‌ನವರು ತಲೆಯಾಡಿಸುವುದು ಅದಕ್ಕೇ. ಒಂದು ಅಯಸ್ಕಾಂತವನ್ನು ಹಲಗೆಯ ಎರಡೂ ಮುಖದ ಮೇಲೆ ನಿಧಾನವಾಗಿ ಎಳೆದು, ಸಿಕ್ಕ ಮೊಳೆಗಳನ್ನೆಲ್ಲ ಕಿತ್ತು, ಆಮೇಲೆ ಕೈಹತ್ತರಿ ಹಿಡಿಯಿರಿ. ಕೀಸುವ ಮೊದಲು ದಪ್ಪ ಅಳೆದುಕೊಳ್ಳಿ. ಹಲಗೆ ಆರು ನೂಲು ಇದ್ದರೆ ಎರಡೂ ಮುಖದ ಒರಟು ಹೋಗುವ ಹೊತ್ತಿಗೆ ನಾಲ್ಕೂವರೆ ಉಳಿದರೆ ಹೆಚ್ಚು. ಗೂಡಿಗೆ ಅದು ಸಾಕು. ಸ್ಟೂಲಿನ ಕೂರುವ ಹಲಗೆಗೆ ಮಾತ್ರ ಪ್ಯಾಲೆಟ್ಟಿನ ಅಡಿಯ ದಪ್ಪ ತುಂಡುಗಳನ್ನೇ ಎತ್ತಿಟ್ಟುಕೊಳ್ಳಿ.